ಕ್ಲೀನರ್ ಸೀಟು

ದಸ್ತಗೀರ್ ಮಾಮ ವೆಲ್ಡಿಂಗ್ ಕಡ್ಡಿ ತಾಗಿಸಿದರೆ
ನನ್ನ ಆಕಾಶ ಆರಿಹೋಗುತ್ತದೆ.
ಉಪಮೆಯೇನಲ್ಲ, ವೋಲ್ಟೇಜಿನ ಸಮಸ್ಯೆ.
ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ
ಲಾರಿಗೆ ಬಾಡಿ ಕಟ್ಟುವ ಶೆಡ್ಡು;
ಬಿಲ್ಲು ಬರೆಯಲೆಂದು ದೊಡ್ಡಪ್ಪ ತಂದಿಟ್ಟ ಹಳೇ ಕಂಪ್ಯೂಟರು
ಕಿಡಿ ಹಾರಿದೊಡನೆ ಮಂಕಾಗಿ, ಗಕ್ಕನೆ ನಿಂತು,
ಮತ್ತೆ ಮೊದಲಿನಿಂದ ಏಳುತ್ತದೆ.
ಹಾಗಾಗಿ ನಾನು ನೌಕೆ ಕಟ್ಟುವುದು
ಮಾಮ ಟೀ ಕುಡಿಯುವಾಗ ಮಾತ್ರ.

ಈ ಆಟದಲ್ಲಿ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ.
ಬಂಡೆ ಅಗೆ, ಅದಿರು ಕರಗಿಸು, ತಗಡು ಬಡಿ,
ಚೌಕಕ್ಕೆ ಚೌಕ ಹತ್ತಿಸಿ ಏನು ಬೇಕಾದರೂ ಕಟ್ಟು.
ನಾಲ್ಕು ಟೀಗೆ ಒಂದು ಮೂತಿ ಆಯಿತು,
ಹೊಟ್ಟೆಗೆ ಎರಡು ವಾರ ಹಿಡಿಯಿತು.
ಹಿಂದೆ ಹದಿನೇಳು ಎಂಜಿನ್ನು ಪೇರಿಸಿ ಗುಂಡಿ ಒತ್ತಿದೆ.
ನೌಕೆ ಮುಂದೆ ಹೋಗಲಿಲ್ಲ;
ಬಾಲಕ್ಕೆ ಡಬ್ಬ ಕಟ್ಟಿಸಿಕೊಂಡ ನಾಯಿಯ ಹಾಗೆ
ಇದ್ದಲ್ಲೇ ಗಿರಗಿರ ಸುತ್ತಿತು.

ಮಾಮ ಲೋಟ ಕೆಳಗಿಡದೆ ಅಂದರು:
“ಎಡಗಡೆ ಲೋಡ್ ಜಾಸ್ತಿ ಕಣವ್ವ.”
ಆಕಾಶದಲ್ಲಿ ತೂಕ ಎಲ್ಲಿ ಮಾಮ?
“ತೂಕ ಇಲ್ದಿದ್ರೂ ಸರಕು ಇರ್ತದಲ್ಲ.
ಆಲೂಗಡ್ಡೆ ಮೂಟೇನ ಒಂದೇ ಪಕ್ಕಕ್ಕೆ ಪೇರ್ಸಿ ನೋಡು,
ಶಿರಾಡಿ ತಿರುವಲ್ಲಿ ಲಾರಿ ಮಾತು ಕೇಳಲ್ಲ.”
ಡಿಪ್ಲೊಮಾದಲ್ಲಿ ಎರಡು ಸಲ ಬರೆದು ಪಾಸಾದ ಗುರುತ್ವ ಕೇಂದ್ರ
ಅವತ್ತು ಮಣ್ಣು ಮೆತ್ತಿದ ಗೋಣಿಚೀಲ ಹೊದ್ದು
ಎದುರು ಬಂದು ಕೂತಿತು.
ಅದಿರಿನ ಪೆಟ್ಟಿಗೆ ನಡುವಿಗೆ ಸರಿಸಿದೆ.
ನೂಲು ಹಿಡಿದ ಹಾಗೆ ಹೊರಟಿತು ನೌಕೆ.

ಆಮೇಲೆ ಟೀಗೊಂದು ತಕರಾರು.
ಟ್ಯಾಂಕಿಗೆ ಬೀಗ ಎಲ್ಲಿ?
ಹಿಂದಿನ ಬಾಗಿಲು ಇಳಿಸಿದರೆ ಹಮಾಲಿ ಎಲ್ಲಿ ನಿಲ್ತಾನೆ?
ಅಲ್ಲಿ ಹಮಾಲಿ ಇಲ್ಲ ಮಾಮ.
“ಹಮಾಲಿ ಇಲ್ದಿದ್ ಊರಿಗೆ ಲಾರಿ ಯಾಕೆ ಹೋಗ್ಬೇಕು?”

ಒಂದು ದಿನ ಚಾಲಕನ ಗೂಡಿಗೆ ಇಣುಕಿದರು.
“ಇದು ಡ್ರೈವರಿಂದು. ಕ್ಲೀನರ್ ಎಲ್ಲಿ ಕೂರ್ತಾನೆ?”
ಒರೆಸುವ ಗಾಜಿಲ್ಲ, ಕಲ್ಲು ಕೊಡುವ ಚಕ್ರವಿಲ್ಲ,
ಹಿಂದೆ ನೋಡಲು ಕ್ಯಾಮರಾ ಇದೆ, ಅಂದೆ.
ಬೀಡಿ ಹಚ್ಚಿಕೊಂಡರು.
“ಹದಿಮೂರು ವರ್ಷ ನಂಗೆ, ಮಂಗಳೂರ್ ಲೈನು.
ಡ್ರೈವರ್ ತೂಕಡಿಸದಂಗೆ ರಾತ್ರಿಯೆಲ್ಲ ಮಾತಾಡೋದೇ ಕೆಲಸ.
ಮಾತು ಖಾಲಿ ಆದ್ರೆ ಲೈಟಿಗೆ ಸಿಕ್ಕಿದ್ ಬೋರ್ಡು ತೋರ್ಸಿ ಇದೇನು ಅಂತಿದ್ದೆ,
ಅವ್ನು ಹೇಳೋನು.
ದೋಣಿಗಾಲ್. ಮಾರನಹಳ್ಳಿ. ಗುಂಡ್ಯ.
ಹಂಗೇ ಓದಕ್ಕೆ ಕಲ್ತೆ.
ನಿನ್ನ ದಾರೀಲಿ ಬೋರ್ಡಾದ್ರೂ ಇದ್ಯಾ?”
ಇಲ್ಲ.
“ಹಂಗಾದ್ರೆ ಇಬ್ರು ಬೇಕೇ ಬೇಕು.”

ಗೋಡೆ ಕೊಯ್ದೆ. ಆಮ್ಲಜನಕದ ಕೊಳವೆ ಬೇರೆ ಕಡೆ ತಿರುಗಿಸಿದೆ.
ಮೂತಿ ಅಗಲವಾಗಿ ಅಂದ ಕೆಟ್ಟಿತು,
ಎರಡೂ ದವಡೆಗೆ ಹುಲ್ಲು ತುಂಬಿಕೊಂಡ ಎಮ್ಮೆ ಥರ.
ಬ್ಯಾಲೆನ್ಸು ಮತ್ತೆ ಹೋಯಿತು,
ಸರಿ ಮಾಡಲು ಮೂರು ಟೀ.
ಆ ಸೀಟಿನಲ್ಲಿ ಯಾರೂ ಕೂರುವುದಿಲ್ಲ,
ಈ ಆಟದಲ್ಲಿ ಇರುವುದು ನಾನೊಬ್ಬಳೇ.
ಆದರೂ ಹಿಮಚಂದ್ರನ ಕತ್ತಲ ಮಗ್ಗುಲಿಗೆ ಹೊರಳುವಾಗ
ಫಲಕದ ಅಂಕಿಗಳನ್ನು ಬಾಯಿಬಿಟ್ಟು ಓದುತ್ತೇನೆ:
ಆಮ್ಲಜನಕ ತೊಂಬತ್ತೊಂದು.
ಇಂಧನ ನಲವತ್ತು.
ಎದುರಿಗೆ ಏನೂ ಇಲ್ಲ.

ಬೀಡಿ ಚಪ್ಪಲಿಯಡಿ ಆರುತ್ತದೆ.
ಹೊರಗೆ ಆರು ಚಕ್ರದ ಚಾಸಿ ಬರಿಮೈಯಲ್ಲಿ ಕಾದಿದೆ,
ದೊಡ್ಡಪ್ಪ ಎರಡು ಸಲ ಕೆಮ್ಮಿದ್ದಾಯಿತು.
ಮಾಮ ಕಡ್ಡಿ ಸಿಕ್ಕಿಸಿ,
ಕಪ್ಪು ಗಾಜನ್ನು ಮುಖಕ್ಕೆ ಅರ್ಧ ಇಳಿಸಿ,
ಅಲ್ಲಿಂದಲೇ ಕೂಗುತ್ತಾರೆ:
“ಸೇವ್ ಆಯ್ತೇನವ್ವಾ?”

ಒಂದು ನಿಮಿಷ ಮಾಮ, ಅನ್ನುತ್ತೇನೆ.

ನಿಲ್ಲುತ್ತಾರೆ.